ಹಗೆಯಿಲ್ಲದ ಸ್ವಾಧೀನ

ಮಂಡ್ಯದ ಸಿವಿಲ್ ಕೋರ್ಟಿನಲ್ಲಿ ನನ್ನ ಕೆಲಸ
ಇಂಗ್ಲಿಷಿನ ತೀರ್ಪನ್ನು ಕನ್ನಡಕ್ಕೆ ಇಳಿಸುವುದು,
ಸಾಕ್ಷಿಯ ಕನ್ನಡವನ್ನು ಇಂಗ್ಲಿಷಿಗೆ ಏರಿಸುವುದು.
ಇಳಿಸುವಾಗ ಒಂದಷ್ಟು ತುಳುಕುತ್ತದೆ,
ಏರಿಸುವಾಗ ಇನ್ನಷ್ಟು.

ಇಪ್ಪತ್ತೆರಡು ವರ್ಷ ಒಂದೇ ಪದ ಕಾಡಿದೆ: ಡಾಕ್ಟ್ರಿನ್.
ಸಿದ್ಧಾಂತ, ಎನ್ನುತ್ತದೆ ಕೋರ್ಟಿನ ನಿಘಂಟು.
ಟೈಪಿಸ್ಟ್ ದೇವೀರಮ್ಮ ನಾನು ಹೇಳುವ ಮೊದಲೇ ಹೊಡೆದಿರುತ್ತಾಳೆ;
ಒತ್ತಕ್ಷರದ ಕೀಲಿ ಸವೆದು ಅದು ಸಿದಾಂತವಾಗುತ್ತದೆ.
ಚುನಾವಣೆ ಬಂತೆಂದರೆ ಅದೇ ಪದ ಆಟೋ ಹತ್ತಿ
ಸಂಜಯ ಸರ್ಕಲ್ ಸುತ್ತುತ್ತದೆ,
ಹೋದ ಸಲ ಎಡದಿಂದ, ಈ ಸಲ ಬಲದಿಂದ.
ಮೈಕು ಅದೇ. ಶಾಲು ಬೇರೆ.

ಅಪ್ಪ ಇನ್ನಾಸಪ್ಪ, ಸವರಿಕೊಪ್ಪಲಿನ ಉಪದೇಶಿ,
ಆ ಪದ ಬಳಸಿದವನೇ ಅಲ್ಲ.
ಅವನದು ಪ್ರಶ್ನೆ, ಉತ್ತರ.
ದೇವರು ಎಷ್ಟು ಮಂದಿ? ಒಬ್ಬರೇ.
ವ್ಯಕ್ತಿಗಳು? ಮೂವರು.
ಅದು ಹೇಗೆ ಎಂದ ನನಗೆ
ಬೆತ್ತದ ಏಟೂ ಬಿತ್ತು, ಮಧ್ಯಾಹ್ನ ಕಬ್ಬಿನ ಜಲ್ಲೆಯೂ ಸಿಕ್ಕಿತು.
ಎರಡರಲ್ಲಿ ಉತ್ತರ ಯಾವುದೆಂದು ಅವನು ಹೇಳಲಿಲ್ಲ.

ಅಪ್ಪ ಅನಾಥಾಲಯದಿಂದ ದತ್ತು ಬಂದವನು.
ಅವನ ಎದುರೇ ನಾನು ಇತಿಹಾಸ ಉರು ಹೊಡೆಯುತ್ತಿದ್ದೆ:
ದತ್ತು ಮಕ್ಕಳಿಗೆ ಹಕ್ಕಿಲ್ಲ.
ಒಂದು ಸಾಲು, ಮುಳುಗಿದ ಏಳೆಂಟು ಸಂಸ್ಥಾನ, ಎರಡು ಅಂಕ.
ಅಪ್ಪ ಲಾಟೀನಿನ ಬತ್ತಿ ಏರಿಸಿ ನಕ್ಕ:
ನಮ್ಮಲ್ಲಿ ತಿರುಗಾ ಕಣೊ, ದತ್ತು ಬಂದವರಿಗೇ ಆಸ್ತಿಯೆಲ್ಲ.
ಪರೀಕ್ಷೆಯಲ್ಲಿ ನಾನು ಗವರ್ನರ್ ಜನರಲ್ಲನ ಪಕ್ಷ ಬರೆದೆ.
ಎರಡಕ್ಕೆ ಎರಡು.

ಈಗಿನ ದಾವೆ:
ವಾದಿ ಜವರಪ್ಪ, ಪ್ರತಿವಾದಿ ಗೋರಿಗಳು.
ಕಾಗದದಲ್ಲಿ ಚರ್ಚಿನ ಟ್ರಸ್ಟಿ ಎಂದಿದೆ; ಒಳಗಿರುವವರು ಅವರೇ.
ನಾಲೆ ಏರಿಯ ಹನ್ನೊಂದು ಗುಂಟೆ.
ಹನ್ನೆರಡು ವರ್ಷ ಎಲ್ಲರ ಕಣ್ಣೆದುರು, ಎಡೆಬಿಡದೆ,
ಒಡೆಯನಿಗೆ ಎದುರು ನಿಂತು ಉತ್ತರೆ
ನೆಲ ಉತ್ತವನದೇ.
ಪ್ರತಿಕೂಲ ಸ್ವಾಧೀನದ ಸಿದಾಂತ.
ಕಾನೂನು ಎಚ್ಚರಿದ್ದವರಿಗೆ ಸ್ವಾಮಿ, ಮಲಗಿದವರಿಗಲ್ಲ—
ವಕೀಲ ಪುಟ್ಟಬಸವಯ್ಯ ಎರಡು ಸಲ ಹೇಳಿದರು.

ಕಟಕಟೆಗೆ ಲೂರ್ದಮ್ಮ ಬಂದಳು.
ಸೆರಗಿನ ಗಂಟಲ್ಲಿ ಜಪಸರ, ಎಲೆಅಡಿಕೆ, ಬಸ್ಸಿನ ಚಿಲ್ಲರೆ.
ನಿಮ್ಮ ಸ್ವಾಧೀನಕ್ಕೆ ಪುರಾವೆ ಏನಮ್ಮ?
"ನಮ್ಮೋರು ಅಲ್ಲಿ ಮಲಗವ್ರಲ್ಲ ಬುದ್ಧಿ. ನಲವತ್ತೊಂದು ವರ್ಸ ಆಯ್ತು.
ಹಗಲೂ ಅಲ್ಲೇ, ರಾತ್ರೀನೂ ಅಲ್ಲೇ.
ಊರಿಗೆಲ್ಲ ಗೊತ್ತು. ಒಂದಿನ ಆಚೀಚೆ ಹೋಗ್ಲಿಲ್ಲ.
ಬದುಕಿದ್ದಾಗ ಮನೇಲಿ ಅಂಗೆ ನಿಂತೋರೇ ಅಲ್ಲ."
ಕೋರ್ಟು ನಕ್ಕಿತು. ಜವರಪ್ಪನೂ ನಕ್ಕ.
"ಕಡೇ ದಿನ ಎದ್ದು ಬತ್ತಾರೆ. ಆಗ ಕೇಳ್ಕಳಿ, ಅವರೇ ಹೇಳ್ತಾರೆ.
ಎದ್ದಾಗ ಕಾಲಡಿ ಕಬ್ಬಿದ್ರೆ ಕೂಳೆ ಚುಚ್ಚಲ್ವ?"

ಆ ಗುಂಡಿ ತೋಡಿದವನೇ ನಾನು, ಎಂದ ಜವರಪ್ಪ,
ಅದೂ ತನ್ನ ಪುರಾವೆ ಎಂಬಂತೆ.
ನೆಲ ನಂದಲ್ದೆ ಇದ್ರೆ ನಾನ್ಯಾಕೆ ತೋಡ್ತಿದ್ದೆ?
ಕೂಲಿ ಇಸ್ಕಂಡಿದ್ದೆಯಾ? ಕೇಳಿದರು ಎದುರು ವಕೀಲರು.
ಅವನು ನೆಲ ನೋಡಿದ. ಇಲ್ಲ.

ಬಹಿರಂಗ, ನಿರಂತರ, ಸರ್ವವಿದಿತ—
ಮೂರೂ ಸಿಕ್ಕಿದವು ಸತ್ತವರ ಪರವಾಗಿ.
ನಾಲ್ಕನೆಯದು ಎಷ್ಟು ಹುಡುಕಿದರೂ ಸಿಗಲಿಲ್ಲ. ಹಗೆ.
ಅದೊಂದಿಲ್ಲದೆ ಸಿದ್ಧಾಂತ ಅವರಿಗೆ ದಕ್ಕದು.
ಆ ಅಂಗಿಯ ಅಳತೆ ತೆಗೆದದ್ದು
ಉಸಿರಾಡುವ ಎದೆಗಳ ಮೇಲೆ.

ಮೂರನೇ ಸಾಲಿನ ತುದಿಯಲ್ಲಿ ನನ್ನಪ್ಪನೂ ಇದ್ದಾನೆಂದು
ನಾನು ಯಾರಿಗೂ ಹೇಳಿರಲಿಲ್ಲ.
ಭಾಷಾಂತರಕಾರನಿಗೆ ಅಪ್ಪ ಇರುವುದಿಲ್ಲ.

ಸಂಜೆ ಐದೂವರೆ. ಇಂಗ್ಲಿಷ್ ಮೆಷಿನ್ನಿಗೆ ಹಾಳೆ ಸುತ್ತಿ
ದೇವೀರಮ್ಮ ಕೇಳಿದಳು:
ಸಾರ್, ಮಲಗವ್ರೆ ಅಂತಾಳಲ್ಲ ಅಜ್ಜಿ,
ಹೂಳಿದ್ದಾರೆ ಅಂತ ತಾನೆ?

ಹೂಳಿದ್ದಾರೆ ಎಂದರೆ ದಾವೆಗೆ ಒಳ್ಳೆಯದು.
ಮಲಗಿದವರಿಗೆ ಕಾನೂನಿಲ್ಲವೆಂದು
ಬೆಳಗ್ಗೆ ಎರಡು ಸಲ ಕೇಳಿದ್ದೆ.
ಹೊರಗೆ ಹಾಲಿನ ಲಾರಿ ಹಾರ್ನ್ ಹೊಡೆಯಿತು,
ಕರೆಂಟು ಹೋಗಿ ಬಂತು.

ಇಲ್ಲ, ಮಲಗಿದ್ದಾರೆ, ಎಂದೆ.
ಹಾಗೇ ಹೊಡಿ.