ಮುಂದಿನ ಕಂತು ಐದು ಸೆಕೆಂಡಿನಲ್ಲಿ

ಲಿಮಾದಲ್ಲಿ ಮಳೆ ಬರುವುದಿಲ್ಲ. ಜೂನ್ ಹುಟ್ಟಿದರೆ ಮಂಜು ಮಾತ್ರ
ಬೆವರಿನ ಹಾಗೆ ಗೋಡೆಗೆ ಅಂಟಿಕೊಂಡಿರುತ್ತದೆ.
ಅಂಥ ರಾತ್ರಿಗಳಲ್ಲಿ ಡಿಸ್ಕು ಸುಡುತ್ತಿದ್ದೆ ನಾನು,
ಏಳು ಬಾಯಿಯ ಯಂತ್ರದಲ್ಲಿ ಒಮ್ಮೆಗೆ ಏಳು.
ಬಿಸಿಬಿಸಿ ತೆಗೆದು ಚೀಲಕ್ಕೆ ತುಂಬುವಾಗ ನೋಡಿದವರು
ರೊಟ್ಟಿಯಂಗಡಿಯವ ಎನ್ನಬೇಕು.

ಮೂರನೇ ಸಾಲು, ನೂರ ಹದಿನಾರನೇ ಮಳಿಗೆ.
"ಜಪಾನಿನ ಚಿತ್ರ, ಜಪಾನಿನ ಚಿತ್ರ, ಐದು ಸೋಲ್‌ಗೆ ಮೂರು!"
ಕೂಗಿ ಕೂಗಿ ಗಂಟಲು ಈಗಲೂ ಹರಕು.
ಮುಖಪುಟವೂ ನನ್ನದೇ ಮುದ್ರಣ:
ನೀಲಿ ಶಾಯಿ ತೀರಿದ ವಾರ
ಎಲ್ಲ ನಾಯಕಿಯರಿಗೂ ಕಾಮಾಲೆ.

ಒಂದು ಗುಟ್ಟು.
ಒಂದು ಡಿಸ್ಕಿಗೆ ಹದಿನಾರು ಕಂತು ಹಿಡಿಯುತ್ತಿತ್ತು.
ಹದಿನೇಳನೆಯದಕ್ಕೆ ಜಾಗ ಬೇಕಲ್ಲ,
ಪ್ರತಿ ಕಂತಿನ ಬಾಲ ಕತ್ತರಿಸುತ್ತಿದ್ದೆ.
ತೊಂಬತ್ತು ಸೆಕೆಂಡು: ಒಂದು ಹಾಡು,
ಕೆಳಗಿಂದ ಮೇಲೇರುವ ಅಕ್ಷರ. ಯಾರು ಓದುತ್ತಾರೆ?
ಕಳ್ಳನಿಗೊಂದು ಪಿಳ್ಳೆ ನೆವ.
ಗಿರಾಕಿ ಒಬ್ಬನೂ ಬಾಲ ಎಲ್ಲಿ ಎನ್ನಲಿಲ್ಲ.

ಆಮೇಲೆ ರೋಡ್ ರೋಲರ್ ಬಂತು. ನಾಲ್ಕು ಸಾವಿರ ಡಿಸ್ಕು
ಬೀದಿಗೆ ಸುರಿದು ಮೇಲೆ ಓಡಿಸಿದರು, ಟೀವಿಯವರ ಮುಂದೆ.
ಹಪ್ಪಳ ಮುರಿದ ಸದ್ದು.
ಈಗ ಅದೇ ಮಳಿಗೆಯಲ್ಲಿ ಮೊಬೈಲಿನ ಕವರು ಮಾರುತ್ತೇನೆ.

ಚಂದಾ ಕಟ್ಟೋಣ ಎಂದವಳು ಮಗಳು, ಯಾದಿರಾ.
"ತಿಂಗಳಿಗೆ ಇಪ್ಪತ್ತು ಸೋಲ್. ನಾಲ್ಕು ಕವರಿನ ಲಾಭ."
ಲೆಕ್ಕ ಹಾಕಿಕೊಂಡೇ ಬಂದಿದ್ದಳು.
ದುಡ್ಡು ಕೊಟ್ಟು ನೋಡುವುದೆ! ನಗು ಬಂತು,
ಬೆಸ್ತನೇ ಮೀನು ಕೊಳ್ಳಲು ಹೋದ ಹಾಗೆ.
ಆದರೂ ಕಟ್ಟಿದೆ. ಕಂತು ಕಟ್ಟಿ ಕಂತು ನೋಡುವ ಬಾಳು.

ಅವಳು ಹುಡುಕಿ ತೆಗೆದದ್ದು ತೇಲುವ ಅಂಚೆಕಚೇರಿಯ ಕಥೆ.
ನಾನು ಸಾವಿರ ಸಲ ಮಾರಿದ್ದು, ಒಮ್ಮೆಯೂ ಕೂತು ನೋಡದ್ದು.
ಕಂತು ಮುಗಿಯಿತೋ ಇಲ್ಲವೋ, ಪರದೆಯ ಮೂಲೆಯಲ್ಲೊಂದು ಪೆಟ್ಟಿಗೆ:
ಮುಂದಿನ ಕಂತು ಐದು ಸೆಕೆಂಡಿನಲ್ಲಿ. ನಾಲ್ಕು. ಮೂರು.
ನಾನು ಕತ್ತರಿ ಹಿಡಿದು ಮಾಡುತ್ತಿದ್ದ ಕೆಲಸ
ಇವರು ಗಡಿಯಾರ ಹಿಡಿದು ಮಾಡುತ್ತಾರೆ.
ಯಾದಿರಾ ಗುಂಡಿ ಒತ್ತಿ ತಡೆದಳು. "ಇರು, ಹೆಸರು ಬರಲಿ."

ಚಿತ್ರ ಬರೆಯುವ ಹುಡುಗಿ. ಹೇಳಿಕೊಟ್ಟಳು:
ಎತ್ತಿದ ಕೈ ಒಂದು ಚಿತ್ರ, ಇಳಿಸಿದ ಕೈ ಇನ್ನೊಂದು,
ನಡುವಿನ ಗಾಳಿಯನ್ನೆಲ್ಲ ಬೇರೆ ಯಾರೋ ಬರೆಯುತ್ತಾರೆ,
ಹಾಳೆಗಿಷ್ಟು ಅಂತ.

ಏರಿದವು ಹೆಸರು. ನನ್ನ ಕಣ್ಣಿಗೆ ಇರುವೆ ಸಾಲು,
ಚೆಂದ, ಓದಲಾರದ್ದು.
ಅದರ ನಡುವೆ ಥಟ್ಟನೆ, ನಮ್ಮ ಲಿಪಿಯಲ್ಲೇ, ಮೂರು:
ಅಮಾದೋ. ಕ್ರಿಸಾಂತೋ. ನೆನಿತಾ ಕಬೂರ್ನಾಯ್.
"ಮನಿಲಾದವರು," ಎಂದಳು. "ನಡುವಿನ ಚಿತ್ರದವರು."
ಕ್ರಿಸಾಂತೋ ಅಂದರೆ ನಮ್ಮ ಬೀದಿಯ ಬೀಗ ರಿಪೇರಿಯವ!
ನೆನಿತಾ, ನನಗೊಬ್ಬಳು ಸೋದರತ್ತೆ ಇದ್ದಿದ್ದರೆ ಅವಳ ಹೆಸರು.
ಡಿಸ್ಕಿಗೆ ಹದಿನೇಳು ಸಲ, ಸಾವಿರ ಡಿಸ್ಕಿನಲ್ಲಿ
ಕತ್ತರಿಸಿದ್ದೆ ಇವಳನ್ನು.

"ನಮ್ಮ ಇಪ್ಪತ್ತು ಸೋಲ್‌ನಲ್ಲಿ ಅವಳಿಗೆಷ್ಟು ಹೋಗುತ್ತದೆ?"
ಲೆಕ್ಕದ ಮಗಳು ಭುಜ ಹಾರಿಸಿದಳು.

ಮೂವತ್ತೊಂದನೇ ತಾರೀಕು ಕಥೆಯೇ ಮಾಯ.
ಹಕ್ಕಿನ ಅವಧಿ ಮುಗಿಯಿತಂತೆ. ಇನ್ನೊಂದೇ ಕಂತು ಬಾಕಿಯಿತ್ತು.
ಅಂಚೆದೋಣಿ ಇದ್ದ ಜಾಗದಲ್ಲಿ ಈಗ ಅಡುಗೆ ಸ್ಪರ್ಧೆ.
ಅವಳಿಗೆ ಹದಿನಾಲ್ಕು. ಬಾಗಿಲು ಹಾಕಿಕೊಂಡು ಅತ್ತಳು.

ಬಿಸ್ಕತ್ತಿನ ಡಬ್ಬಿಯಲ್ಲಿ ರೋಲರಿಗೆ ಸಿಗದ ಒಂದು ಡಿಸ್ಕು ಇತ್ತು.
ತೆಗೆಯಲೋ ಬೇಡವೋ.
ತೆಗೆದೆ.
ಹಳೆಯ ಪ್ಲೇಯರು ಕೆಮ್ಮುತ್ತ ತಿರುಗಿತು.
ದೋಣಿ ದಡ ಮುಟ್ಟಿತು. ಕೊನೆಯ ಕಾಗದ ಒಡೆದು
ಮುದುಕಿ ತಲೆಯೆತ್ತಿದಳು, ಬಾಯಿ ತೆರೆದಳು, ಅಷ್ಟರಲ್ಲಿ
ಕಚಕ್.

ಏಳಲಿಲ್ಲ ಯಾದಿರಾ. ಕಪ್ಪು ಪರದೆಯಲ್ಲಿ ನಾವಿಬ್ಬರು,
ನಮ್ಮ ಹಿಂದೆ ಕಿಟಕಿಯ ಮಂಜು.
"ತೊಂಬತ್ತು ಅಲ್ಲವಾ?" ಎಂದು ಎಣಿಸತೊಡಗಿದಳು.
ನಲವತ್ತರ ಹತ್ತಿರ ಎಲ್ಲೋ, ಇದೇ ಹರಕು ಗಂಟಲಲ್ಲಿ,
ಮಳಿಗೆಯಲ್ಲಿ ಕೂಗುವ ಹಾಗಲ್ಲ,
ಅಮಾದೋ, ಎಂದೆ. ಕ್ರಿಸಾಂತೋ, ಎಂದೆ.
ಮೂರನೆಯದನ್ನು ಅವಳೇ ಹೇಳಿದಳು. ಎಣಿಕೆ ತಪ್ಪಿತು.

ಮತ್ತೆ ಒಂದರಿಂದ.