ಮೊದಲ ನಾಯಿಯ ಹೆಸರು

ನಲವತ್ತನೆಯ ದಿನದ ಊಟ ಮುಗಿಯಿತು.
ರೊಟ್ಟಿಯ ತುಂಡಿನ ಮೇಲೆ ವೈನು ಸುರಿದು
ನುಗ್ಜಾರನ ಹೆಸರು ಹೇಳಿದವರೆಲ್ಲ
ಎಂಟನೆಯ ಮಹಡಿಯಿಂದ ನಡೆದೇ ಇಳಿದರು.
ನಮ್ಮ ಲಿಫ್ಟಿಗೆ ನಾಣ್ಯ ಹಾಕಬೇಕು,
ಯಾರ ಜೇಬಿನಲ್ಲೂ ಚಿಲ್ಲರೆಯಿಲ್ಲ.
ಉಳಿದದ್ದು ನಾನು, ಎಂಜಲು ತಟ್ಟೆಗಳು,
ಅಣ್ಣನ ಲ್ಯಾಪ್‌ಟಾಪು.

ಬ್ಯಾಂಕಿಗೆ ಮರಣಪತ್ರ ಕೊಟ್ಟೆ, ನಂಬಿದರು.
ಗ್ಯಾಸಿನವರು ನಂಬಿದರು.
ಬಂದರಿನ ಪಿಂಚಣಿ ಕಚೇರಿಯಂತೂ
ನಾನು ಬಾಯಿ ತೆರೆಯುವ ಮೊದಲೇ ನಂಬಿತು.
ಈ ಇಮೇಲು ಮಾತ್ರ ನಂಬುವುದಿಲ್ಲ.
ನೀನು ನುಗ್ಜಾರನೇ ಆಗಿದ್ದರೆ ಹೇಳು, ಎನ್ನುತ್ತದೆ,
ನಿನ್ನ ಮೊದಲ ನಾಯಿಯ ಹೆಸರೇನು?

ಇದೂ ಒಂದು ಪ್ರಶ್ನೆಯೆ!
ಮುರಿಯಾ. ಕಪ್ಪು, ಒಂದು ಕಿವಿ ಮಡಿಚಿದ್ದು,
ನನ್ನ ಎಡಗಾಲಿನ ಬೂಟು ತಿಂದು ತೇಗಿದ್ದು.
ಬಟೂಮಿಯ ಆ ಬೀದಿಯಲ್ಲಿ
ಅದಕ್ಕೆ ಹೆದರದ ಬೆಕ್ಕಿರಲಿಲ್ಲ.
ಬರೆದೆ.
ತಪ್ಪು.
ನಮ್ಮ ಲಿಪಿಯಲ್ಲಿ, ರಷ್ಯನ್ನಿನಲ್ಲಿ, ಇಂಗ್ಲಿಷಿನಲ್ಲಿ.
ತಪ್ಪು, ತಪ್ಪು.
ಇನ್ನೊಂದೇ ಅವಕಾಶ.

ಕೆಳಮನೆಯ ಹುಡುಗ ರೆಜೋ ಬಂದು ಇಣುಕಿದ.
ಅಜ್ಜಿ, ಇಲ್ಲೆಲ್ಲ ಯಾರೂ ನಿಜ ಬರೆಯುವುದಿಲ್ಲ, ಎಂದ.
ನಮ್ಮಣ್ಣ ಬರೆಯುತ್ತಾನೆ, ಎಂದೆ.
ಮೂವತ್ತೆಂಟು ವರ್ಷ ಕ್ರೇನಿನಲ್ಲಿ ಕೂತವನು ಕಣೋ,
ತೂಕದ ಸುಳ್ಳು ಹೇಳಿದರೆ
ಹಗ್ಗ ಕೇಳುವುದಿಲ್ಲ ಎಂದು ಗೊತ್ತಿದ್ದವನು.

ಅಷ್ಟರಲ್ಲಿ ಲಮಾರಾ, ಸಲೆರ್ನೊದಿಂದ.
ಹನ್ನೊಂದು ವರ್ಷದಿಂದ ಅಲ್ಲಿ
ಯಾರದೋ ಅಮ್ಮನಿಗೆ ಸೂಪು ಕುಡಿಸುತ್ತಾಳೆ,
ಗಂಡನ ಮಣ್ಣಿಗೂ ರಜೆ ಸಿಗಲಿಲ್ಲ.
ತೆರೆಯಿತೇ, ತ್ಸಿಯಾಲಾ? ಸಿಕ್ಕಳೇ ಅವಳು?

ಕೊನೆಯ ವಾರ ಆಸ್ಪತ್ರೆಯಲ್ಲಿ
ಫೋನನ್ನು ಅವನ ಕಿವಿಗೆ ಹಿಡಿದವಳು ನಾನೇ.
ಹೆಂಡತಿಯ ದನಿ ಕೇಳಿ
ಬ್ರೋಲಾ, ಅಂದ. ಬಾ ಬ್ರೋಲಾ, ಚಳಿ, ಹತ್ತಿರ ಬಾ.
ಅಂದಿನಿಂದ ಲಮಾರಾಳ ಗಂಟಲಲ್ಲಿ
ಆ ಹೆಸರು ಮೀನಿನ ಮುಳ್ಳು.

ಸಿಟ್ಟಿಗೋ, ಸುಸ್ತಿಗೋ, ಇನ್ನೇನೂ ಹೊಳೆಯದೆಯೋ
ಬ್ರೋಲಾ, ಎಂದೇ ಬರೆದೆ.
ತೆರೆಯಿತು.

ಕೈ ಕೀಲಿಮಣೆಯ ಮೇಲೇ ಉಳಿಯಿತು.
ನಾನು ಹುಟ್ಟಿದ ಚಳಿಗಾಲ
ಐದು ವರ್ಷದ ಅವನನ್ನು ಖುಲೋ ಬೆಟ್ಟಕ್ಕೆ,
ದೊಡ್ಡಮ್ಮನ ಮನೆಗೆ ಸಾಗಹಾಕಿದ್ದರಂತೆ,
ಒಂದು ಬಾಯಿ ಕಡಿಮೆಯಾಗಲಿ ಎಂದು.
ಏಪ್ರಿಲಿನಲ್ಲಿ ಮರಳಿದವನ ಕೋಟಿನ ತುಂಬ
ಬಿಳಿ ಕೂದಲು.
ಅಮ್ಮ ಉಜ್ಜಿದಳಂತೆ, ಉಜ್ಜಿದಳಂತೆ, ಹೋಗಲಿಲ್ಲ.
ಇದನ್ನು ಅಮ್ಮ ನಗುತ್ತಾ ಹೇಳುತ್ತಿದ್ದಳು.
ಅವನು ಎದ್ದು ಹೊರಗೆ ಹೋಗುತ್ತಿದ್ದ.

ಒಳಗೆ ಯಾವ ಹೆಂಗಸೂ ಇಲ್ಲ.
ಕರೆಂಟು ಬಿಲ್ಲು, ಮೊಣಕಾಲಿನ ಮುಲಾಮಿನ ಜಾಹೀರಾತು,
ಬಂದರಿನವರ ಹೊಸವರ್ಷದ ಒಂದೇ ಶುಭಾಶಯ, ಏಳು ಸಲ.
ಮತ್ತೆ ದಿನಾ ಬೆಳಿಗ್ಗೆ ಆರಕ್ಕೆ, ತಪ್ಪದೆ,
ಸಲೆರ್ನೊದ ಹವಾಮಾನ.
ಸತ್ತ ಮೇಲಿನ ನಲವತ್ತು ಮಾತ್ರ
ಓದದೆ ಉಳಿದಿವೆ.

ಫೋನು ಮಾಡಿದೆ.
ನಾಯಿ, ಎಂದೆ.
ಏನು ನಾಯಿ?
ಬ್ರೋಲಾ. ನಾಯಿ.
ಆ ಕಡೆ ಬಹಳ ಹೊತ್ತು ನಲ್ಲಿ ಹರಿಯಿತು.
ಯಾವ ಬಣ್ಣ? ಎಂದಳು.
ಬಿಳಿ, ಎಂದೆ. ನಾಳೆ ನಿಮ್ಮಲ್ಲಿ ಮಳೆಯಂತೆ,
ಕೊಡೆ ಮರೆಯಬೇಡ.

ರೆಜೋ ಚೀಟಿಯಲ್ಲಿ ಬರೆದುಕೊಟ್ಟಂತೆ
ಒಂದೊಂದೇ ಒತ್ತುತ್ತಾ ಕೊನೆಯ ಕಿಟಕಿಗೆ ಬಂದೆ.
ಶಾಶ್ವತವಾಗಿ ಅಳಿಸಲೇ? ಎಂದು ಕೇಳಿತು.
ನಲವತ್ತು ದಿನ ಒಣಗಣ್ಣಲ್ಲೇ
ಊರಿಗೆಲ್ಲ ಬಡಿಸಿದವಳು ನಾನು.
ಅಳಿಸು ನೋಡೋಣ, ಎಂದೆ,
ನಿನ್ನ ಕೈಲಾದರೆ.

ಬೆರಳೇನೋ ಬೇರೆ ಗುಂಡಿಯ ಮೇಲಿತ್ತು.
ತಟ್ಟೆ ತೊಳೆಯಬೇಕು.
ಆರಕ್ಕೆ ಸಲೆರ್ನೊದ ಸುದ್ದಿ ಬರುತ್ತದೆ,
ಬರಲಿ, ಆಮೇಲೆ ನೋಡಿದರಾಯಿತು.