ಮ್ಯಾಚಿಂಗ್ ಸೆಂಟರ್

ಲ್ಯಾಮಿಂಗ್ಟನ್ ರೋಡಿನಲ್ಲಿ ಎರಡನೇ ಮಾಳಿಗೆಯ ಅಂಗಡಿ.
ಗೋಡೆ ತುಂಬ ಹದಿನೇಳು ಪರದೆ, ಹದಿನೇಳರಲ್ಲೂ ಒಂದೇ ಕಾಡು,
ಒಂದೇ ಹುಲಿ ಒಂದೇ ಕಾಲು ಎತ್ತಿಡುತ್ತಿದೆ.
ಒಂದರಲ್ಲಿ ಅರಿಸಿನ, ಒಂದರಲ್ಲಿ ಕಿತ್ತಳೆ,
ಮೂಲೆಯ ಅಗ್ಗದ್ದರಲ್ಲಿ ಪಾಪ, ಕಾಮಾಲೆ.

ತಮ್ಮ ಸಂಗೂನಿಗೆ ಹುಲಿ ಕಾಣುತ್ತಿಲ್ಲ.
ಹರ್ಟ್ಝ್ ಎಷ್ಟು? ನೂರಾ ಅರವತ್ತೈದೋ, ನೂರಾ ಎಂಬತ್ತೋ?
ಒಂದು ಮಿಲಿಸೆಕೆಂಡು ನಿಜವೋ, ಡಬ್ಬಿಯ ಮೇಲೆ ಮಾತ್ರವೋ?
ಹಿತೇನ್‌ಭಾಯ್ ಹೂಂ ಅನ್ನುತ್ತಾನೆ, ಜೀರಿಗೆ ತೂಗುವವನ ಹಾಗೆ.

"ನೀ ಒಮ್ಮೆ ಕಣ್ಣು ಮಿಟುಕಿಸೂದ್ರಾಗ, ಅಕ್ಕಾ,
ಐವತ್ತು ಚಿತ್ರ ಬಂದು ಹೋಗಿರ್ತಾವ."
ನೋಡದೇ ಹೋದವಕ್ಕ ರೊಕ್ಕ ಯಾಕ ಕೊಡೂದು ಅಂದೆ.
ಸುಮ್ಮನಿರು ಅಂದ.

ರೊಕ್ಕ ಅರ್ಧ ಅವನದು, ರಾತ್ರಿ ಬೈಕಿನಲ್ಲಿ ಬಿರಿಯಾನಿ ಹೊತ್ತದ್ದು.
ಅರ್ಧ ನನ್ನದು. ದಾದರಿನ ಮ್ಯಾಚಿಂಗ್ ಸೆಂಟರಿನಲ್ಲಿ ಹನ್ನೊಂದು ವರ್ಷ:
ರವಿಕೆ ತುಂಡು, ಫಾಲು, ದಾರದ ಉಂಡೆ.
ಯಾರ ಹಸಿರೂ ಬರೀ ಹಸಿರಲ್ಲ ಅಲ್ಲಿ:
ಗಿಳಿ, ಬಾಟಲಿ, ಪಿಸ್ತಾ, ಮೆಹಂದಿ,
ಪಲ್ಯಕ್ಕೆ ಹೆಚ್ಚಿಟ್ಟು ಮರೆತ ಬೆಂಡೆಕಾಯಿ.
ಟ್ಯೂಬ್‌ಲೈಟು ಸುಳ್ಳು ಹೇಳುತ್ತದೆ.
ಬಟ್ಟೆಯನ್ನು ಬಾಗಿಲಿಗೆ ಒಯ್ದು ಬಿಸಿಲಿಗೆ ಹಿಡಿದೇ
ಹೂಂ ಅನ್ನಬೇಕು.

ಅದಕ್ಕೇ ಕೇಳಿದೆ: ಇದನ್ನ ಒಂದ್ಸಲ ಬಾಗಿಲಿಗೆ ತರ್ತೀರಾ?
ಹಿತೇನ್‌ಭಾಯ್ ನಕ್ಕ. ಅವನ ಹುಡುಗನೂ ನಕ್ಕ.
ಸಂಗೂ ನೆಲದ ಹಾಸುಕಲ್ಲು ಎಣಿಸತೊಡಗಿದ.
"ದೀದಿ, ಇದು ತನ್ನ ಬೆಳಕು ತಾನೇ ತರ್ತದೆ."
ನನ್ನ ಬಾಯಿ ಕಟ್ಟಿತು.
ಬೆಳಕು ಸೆರಗಿನಲ್ಲಿ ಕಟ್ಟಿಕೊಂಡು ಬಂದ ಬಟ್ಟೆ
ಹನ್ನೊಂದು ವರ್ಷದಲ್ಲಿ ಒಂದೂ ನನ್ನ ಕೈಗೆ ಸಿಕ್ಕಿಲ್ಲ.

ಇಪ್ಪತ್ತೇಳು ಇಂಚಿನದು ಬೇಕೆಂದು ಅವನ ಹಟ.
ನಮ್ಮ ಖೋಲಿಯಲ್ಲಿ ಕಪಾಟಿಗೂ ನೀರಿನ ಡ್ರಮ್ಮಿಗೂ ನಡುವೆ
ಇಪ್ಪತ್ತೆರಡು, ಟೇಪು ಹಿಡಿದು ನೋಡಿದ್ದೇನೆ.
ಇಪ್ಪತ್ನಾಲ್ಕೂ ಹಿಡಿಸದಲ್ಲಾ ಅಂದರೆ
ಇಂಚು ಮೂಲೆಯಿಂದ ಮೂಲೆಗಂತೆ, ಓರೆಯಾಗಿ.
ಪೈಪಿಂಗ್ ಪಟ್ಟಿ ಬಿಟ್ಟರೆ ನಾವು ಯಾವುದನ್ನೂ
ಓರೆ ಕತ್ತರಿಸುವುದಿಲ್ಲ.

ಕೊನೆಗೆ ಉಳಿದದ್ದು ಎರಡು.
ಬಾಗಿದ್ದರ ಕಪ್ಪು ಬಾವಿಯ ಕಪ್ಪು,
ಹುಲಿ ಓಡಿದರೆ ಮಾತ್ರ ಹಿಂದೆ ಮಸಿ,
ಹಸಿ ಕಾಡಿಗೆ ತೋಳಿಗೆ ಒರೆಸಿಕೊಂಡ ಹಾಗೆ.
ಚಪ್ಪಟೆಯದರ ಕಪ್ಪು ನಾಲ್ಕು ಮಳೆಗಾಲ ಕಂಡ ಕೊಡೆ.
ಸಂಗೂನ ತಲೆ ಅತ್ತ, ಇತ್ತ.

ಬರೀ ಕತ್ತಲೆ ಇರುವ ಚಿತ್ರ ಹಾಕಿ ಅಂದೆ.
ಹುಡುಗ ಆಟದ ಒಂದು ಗೋದಾಮು ಹಾಕಿದ, ದೀಪವಿಲ್ಲದ್ದು.
ಬಾಗಿದ್ದರಲ್ಲಿ ಎಲ್ಲ ಕಪ್ಪೂ ಸೇರಿ ಒಂದೇ ಕಪ್ಪಾಗಿತ್ತು.
ಕೊಡೆಯಲ್ಲಿ ಒಂಬತ್ತು ಎಣಿಸಿದೆ:
ಕಾಗೆಯದು, ಇದ್ದಿಲಿನದು, ಒಗೆದ ಬುರ್ಖಾದ್ದು,
ಚಂದ್ರಕಳಾ ಸೀರೆಯದು, ಹಂಚಿನ ತಳದ್ದು...
"ಇದು" ಅಂದೆ.
ಬಿಲ್ಲು ಬರೆಯುವ ಮುಂಚೆ ನೋಡಿದರೆ, ಬಲಮೂಲೆಯಲ್ಲಿ
ಕೆಂಪು ಚುಕ್ಕೆ, ತಪ್ಪಿ ಹೊಲಿದ ಒಂದು ಟಾಕಿ.
ಬೇರೆ ಡಬ್ಬಿ ಒಡೆಸಿದೆ. ಆಗ ಯಾರೂ ನಗಲಿಲ್ಲ.

ಗ್ರಾಂಟ್ ರೋಡಿನಿಂದ ಸ್ಲೋ ಗಾಡಿ, ಲಗೇಜ್ ಡಬ್ಬಿ.
ಟೀವಿಯಾ ಅಂದಳು ಮೀನಿನ ಮೌಶಿ.
ಅಲ್ಲ, ಆಟದ್ದು.
ನೀರು ಸೋರುವ ಬುಟ್ಟಿಯನ್ನು ಕಾಲಿನಿಂದ ಆಚೆ ತಳ್ಳಿದಳು,
ಜೋಗೇಶ್ವರಿ ಬರುವವರೆಗೆ ಒಂದು ಕೈ ಡಬ್ಬಿಯ ಮೇಲೆ ಇಟ್ಟೇ ಇದ್ದಳು.

ರಾತ್ರಿ ಒಂದೂವರೆ. ನಾನು ಯಾರದೋ ಪೈಠಣಿಗೆ ಫಾಲು ಹಚ್ಚುತ್ತಿದ್ದೆ.
"ಸಂಗೂ, ಬಾಗಿಲ ಮಗ್ಗಲಿಗೆ ಒಬ್ಬ ನಿಂತಾನ."
"ಎಲ್ಲೆ? ಬರೇ ಕತ್ತಲ ಐತಿ."
"ಅದು ಬ್ಯಾರೆ ಕಪ್ಪು."
ಅಲ್ಲಿಗೇ ಹೊಡೆದ. ಬಿದ್ದ.

ಹೆಡ್‌ಫೋನಿನಲ್ಲಿ ನಾಲಾಸೋಪಾರದ ಹುಡುಗನೊಬ್ಬ ಕೇಳಿದನಂತೆ,
ಯಾವ ಮಾನಿಟರ್ ಭಾವು?
ಸಂಗೂ ಮಾಡೆಲ್ ನಂಬರು ಹೇಳಿದ.
ನಾನು ದಾರ ಕಡಿದೆ.